ಮೂರು ಕೆಂಪು ಗುರುತು, ಒಂದು ಹಳೇ ರೇಟು

ಮಂಡ್ಯದ ಬೆಲ್ಲದ ಅಂಗಡಿಯೊಂದರ ಸೈಟು, ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದು. ಸಂಕ್ರಾಂತಿಗೆಂದು ಅಚ್ಚು ಬೆಲ್ಲಕ್ಕೂ ಪುಡಿ ಬೆಲ್ಲಕ್ಕೂ ರಿಯಾಯಿತಿ ದರ ಹಾಕಿ, ಅದು ಶುರುವಾಗಬೇಕಾದ ತಾರೀಕನ್ನು ವರ್ಡ್‌ಪ್ರೆಸ್ಸಿಗೆ ಅಂಗಡಿ ಜೋಡಿಸುವ ಪ್ಲಗಿನ್ ಆದ ವೂಕಾಮರ್ಸ್‌ನಲ್ಲಿ ಮೊದಲೇ ನಮೂದಿಸಿದ್ದರು. ತಾರೀಕು ಬಂತು, ದರ ಮಾತ್ರ ಬದಲಾಗಲಿಲ್ಲ. "ಪೇಜೇನೋ ಚೆನ್ನಾಗೇ ಬತ್ತದೆ ಸಾ, ಹಳೇ ರೇಟೇ ತೋರಿಸ್ಕಂಡು ಕುಂತದೆ" ಎಂದರು ಅಂಗಡಿಯವರು ಫೋನಿನಲ್ಲಿ. ಮೈಸೂರಿನ ಸರಸ್ವತಿಪುರಂನಿಂದಲೇ ಅವತ್ತು ನಾವು ಅದರ ತಪಾಸಣೆ ನಡೆಸಿದೆವು.

ಇಂಥ ಹೊತ್ತಿನಲ್ಲಿ ಬಹಳ ಜನ ಓಡುವುದು ವಿಳಾಸ ಕೊಟ್ಟರೆ ಅಂಕ ಕೊಡುವ ಹೊರಗಿನ ಸ್ಕ್ಯಾನರ್‌ಗಳ ಹತ್ತಿರಕ್ಕೆ. ಅವಕ್ಕೆ ಕಾಣುವುದು ಪುಟದ ಹೊರಮೈ ಅಷ್ಟೇ. ಒಳಗೆ ನಿಗದಿಯಾದ ಕೆಲಸವೊಂದು ನಿಂತುಹೋಗಿದೆ ಎಂಬುದು ತಿಳಿಯುವ ದಾರಿಯೇ ಇಲ್ಲ. ಒಳಗನ್ನೂ ನೋಡುತ್ತೇವೆ ಎನ್ನುವ ಕೆಲವು ಪ್ಲಗಿನ್‌ಗಳು ಸೈಟಿನ ಮಾಹಿತಿಯನ್ನು ತಮ್ಮ ಸರ್ವರಿಗೆ ತರಿಸಿಕೊಂಡು ಅಲ್ಲಿ ವರದಿ ತಯಾರಿಸುತ್ತವೆ. ಅಂಗಡಿಯ ಡೇಟಾಬೇಸ್ ಎಂದರೆ ಕೊಂಡವರ ಹೆಸರು, ಮನೆ ವಿಳಾಸ, ಮೊಬೈಲ್ ನಂಬರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ಅಂಗಡಿಯವರದೇ. ಹಾಗಾಗಿ ನಾವು ಬಳಸುವುದು ಮೂರೇ: 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್ಸಿನಲ್ಲೇ ಇರುವ, ಸೈಟಿನ ಆರೋಗ್ಯ ತೋರಿಸುವ ಸೈಟ್ ಹೆಲ್ತ್, ವರ್ಡ್‌ಪ್ರೆಸ್ ಸಮುದಾಯದವರದೇ ಆದ ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್ ಪ್ಲಗಿನ್, ಮತ್ತು ಪುಟ ತೆರೆಯುವಾಗ ಒಳಗೆ ನಡೆಯುವುದನ್ನು ತೋರಿಸುವ ಕ್ವೆರಿ ಮಾನಿಟರ್ ಪ್ಲಗಿನ್. ಹೆಲ್ತ್ ಚೆಕ್ಕಿನ ಫೈಲ್ ಪರೀಕ್ಷೆ ಕೂಡ ವರ್ಡ್‌ಪ್ರೆಸ್ಸಿನ ಕಡೆಯಿಂದ ಚೆಕ್‌ಸಮ್ (ಫೈಲು ಬದಲಾಗಿಲ್ಲವೆಂದು ತಿಳಿಸುವ ಗುರುತು) ಪಟ್ಟಿಯನ್ನು ತರಿಸಿಕೊಂಡು ಹೋಲಿಕೆಯನ್ನು ನಮ್ಮ ಸರ್ವರಿನಲ್ಲೇ ಮಾಡುತ್ತದೆ. ಅದು ನೋಡುವುದು ಮೂಲ ಫೈಲುಗಳನ್ನು ಮಾತ್ರ, ಥೀಮು ಪ್ಲಗಿನ್‌ಗಳನ್ನಲ್ಲ.

ಫೈಲು, ಡೇಟಾಬೇಸ್ ಎರಡರ ಬ್ಯಾಕಪ್ ಇಳಿಸಿಕೊಂಡ ಮೇಲೆ ಟೂಲ್ಸ್ ಕೆಳಗಿನ ಸೈಟ್ ಹೆಲ್ತ್ ತೆರೆದರೆ ಮೂರು ಗಂಭೀರ ದೋಷಗಳು ಕಂಡವು. ಪಿಎಚ್‌ಪಿ ಸೆಷನ್ (ಬಂದವರ ವಿವರವನ್ನು ಸರ್ವರಿನಲ್ಲಿ ನೆನಪಿಡುವ ವ್ಯವಸ್ಥೆ) ತೆರೆದೇ ಇದೆ, ರೆಸ್ಟ್ ಎಪಿಐ (ತಂತ್ರಾಂಶಗಳು ಸೈಟಿನೊಡನೆ ಮಾತಾಡುವ ದಾರಿ) ಸಿಗುತ್ತಿಲ್ಲ, ಲೂಪ್‌ಬ್ಯಾಕ್ (ಸೈಟು ತನಗೆ ತಾನೇ ಮಾಡುವ ಕರೆ) ವಿಫಲ. ಕೊನೆಯ ಎರಡರಲ್ಲೂ ಒಂದೇ ಮಾತು: ಕರ್ಲ್ ಎರರ್ 28, 10 ಸೆಕೆಂಡು ಕಾದರೂ ಉತ್ತರ ಬರಲಿಲ್ಲ.

ಮೂರು ದೋಷ, ಕಾರಣ ಒಂದೇ. ಯಾವುದೋ ಪ್ಲಗಿನ್ ಪ್ರತಿ ಪುಟದಲ್ಲೂ ಸೆಷನ್ ತೆರೆದು ಮುಚ್ಚದೆ ಬಿಟ್ಟಿರುತ್ತದೆ. ಪಿಎಚ್‌ಪಿ ಆ ಸೆಷನ್ನಿನ ಫೈಲಿಗೆ ಬೀಗ ಹಾಕಿಕೊಳ್ಳುತ್ತದೆ. ಸೈಟ್ ಹೆಲ್ತ್ ತನ್ನ ಸೈಟಿಗೆ ತಾನೇ ಕರೆ ಮಾಡಿ ನೋಡುವಾಗ ನಿಮ್ಮ ಲಾಗಿನ್ನಿನ ಕುಕಿಗಳನ್ನೂ ಜೊತೆಗೊಯ್ಯುತ್ತದೆ. ಆ ಒಳಗಿನ ಕರೆಗೂ ಬೇಕಾಗುವುದು ಅದೇ ಸೆಷನ್. ಮೊದಲನೆಯದು ಬೀಗ ಬಿಡಲಿ ಎಂದು ಅದು ಕಾಯುತ್ತದೆ, ಒಳಗಿನದು ಮುಗಿಯಲಿ ಎಂದು ಮೊದಲನೆಯದು ಕಾಯುತ್ತದೆ, 10 ಸೆಕೆಂಡಿಗೆ ಎರಡೂ ಕೈಚೆಲ್ಲುತ್ತವೆ. ಇದನ್ನು ನೋಡಿ ಹೋಸ್ಟಿಂಗಿನವರ ಫೈರ್‌ವಾಲ್ ಮೇಲೆ ಜಗಳಕ್ಕೆ ಹೋಗುವವರೇ ಹೆಚ್ಚು. ಫೈರ್‌ವಾಲಿನಿಂದಲೂ ಎರರ್ 28 ಬರಬಹುದು, ಸುಳ್ಳಲ್ಲ. ಆದರೆ ಸೆಷನ್ ಎಚ್ಚರಿಕೆಯೂ ಜೊತೆಗಿದ್ದರೆ ಮೊದಲು ಹುಡುಕಬೇಕಾದ್ದು ಪ್ಲಗಿನ್ನನ್ನು.

ಹುಡುಕಲು ಹೆಲ್ತ್ ಚೆಕ್ಕಿನ ಟ್ರಬಲ್‌ಶೂಟಿಂಗ್ ಮೋಡ್. ಅದನ್ನು ಆನ್ ಮಾಡಿದರೆ ನಿಮ್ಮ ಲಾಗಿನ್ನಿಗೆ ಮಾತ್ರ ಎಲ್ಲ ಪ್ಲಗಿನ್ ಆಫ್ ಆಗಿ, ವರ್ಡ್‌ಪ್ರೆಸ್ಸಿನ ಡೀಫಾಲ್ಟ್ ಥೀಮ್ ಬರುತ್ತದೆ. ಗಿರಾಕಿಗೆ ಅಂಗಡಿ ಎಂದಿನಂತೆ ತೆರೆದೇ ಇರುತ್ತದೆ, ಹಬ್ಬದ ವ್ಯಾಪಾರ ನಿಲ್ಲುವುದಿಲ್ಲ. ಡೀಫಾಲ್ಟ್ ಥೀಮ್ ಒಂದನ್ನು ಮೊದಲೇ ಇನ್‌ಸ್ಟಾಲ್ ಮಾಡಿರಬೇಕು, ಇಲ್ಲವಾದರೆ ಥೀಮ್ ಬದಲಾಗದು. ಮೋಡ್ ಆನ್ ಆಗಲು ಎಂಯು-ಪ್ಲಗಿನ್ಸ್ (ತಾವಾಗಿ ಓಡುವ ಪ್ಲಗಿನ್‌ಗಳ) ಫೋಲ್ಡರಿಗೆ ಒಂದು ಫೈಲು ಬರೆಯಬೇಕಾಗುತ್ತದೆ. ಬರೆಯುವ ಅನುಮತಿ ಇಲ್ಲದ ಸರ್ವರಿನಲ್ಲಿ ಅದು ಆನ್ ಆಗುವುದೇ ಇಲ್ಲ. ಆಮೇಲೆ ಪ್ಲಗಿನ್‌ಗಳನ್ನು ಅರ್ಧರ್ಧ ಆನ್ ಮಾಡುತ್ತಾ ಸೈಟ್ ಹೆಲ್ತ್ ಮರುಪರೀಕ್ಷೆ ಮಾಡುವುದು. ದೋಷ ಬಂದ ಅರ್ಧವನ್ನು ಮತ್ತೆ ಅರ್ಧ ಮಾಡಿದರೆ ಬೇಗ ಸಿಗುತ್ತದೆ. ಸಿಕ್ಕಿದ್ದು ಎಂದೋ ಹಾಕಿ ಮರೆತಿದ್ದ ಒಂದು ಪಾಪ್‌ಅಪ್ ಪ್ಲಗಿನ್. ಬೇಕಿಲ್ಲದ್ದಾದ್ದರಿಂದ ತೆಗೆದದ್ದಾಯಿತು. ಬೇಕಾದ ಪ್ಲಗಿನ್ನೇ ಆಗಿದ್ದರೆ ಸೆಷನ್ನನ್ನು ಓದಿ ಕೂಡಲೇ ಮುಚ್ಚುವಂತೆ ತಿದ್ದಲು ಅದನ್ನು ಬರೆದವರಿಗೇ ಹೇಳಬೇಕು. ನಾವೇ ಫೈಲು ತಿದ್ದಿದರೆ ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗುತ್ತದೆ.

ಮೂರೂ ಹಸಿರಾದವು. ಬೆಲ್ಲದ ದರ ಮಾತ್ರ ಅಲ್ಲೇ ಇತ್ತು.

ಇರಲೇಬೇಕು. ನಿಗದಿತ ಕೆಲಸಗಳನ್ನು ಹೊತ್ತಿಗೆ ಓಡಿಸುವ ವ್ಯವಸ್ಥೆಗೆ ಕ್ರಾನ್ ಎಂದು ಹೆಸರು. ವರ್ಡ್‌ಪ್ರೆಸ್ ತನ್ನ ಕ್ರಾನ್ ಎಬ್ಬಿಸುವಾಗ ಬ್ರೌಸರಿನ ಕುಕಿ ಒಯ್ಯುವುದಿಲ್ಲ, ಉತ್ತರಕ್ಕೂ ಕಾಯುವುದಿಲ್ಲ. ಸೆಷನ್ ಬೀಗ ಅದಕ್ಕೆ ಅಡ್ಡವೇ ಅಲ್ಲ. ನಿಜವಾದ ಸುಳಿವು ಕೆಳಗೆ, ಬರೀ ಶಿಫಾರಸು ಎಂಬ ಗುಂಪಿನಲ್ಲಿತ್ತು: ನಿಗದಿತ ಕೆಲಸವೊಂದು ವಿಫಲವಾಗಿದೆ ಎಂದು. ಸೈಟ್ ಹೆಲ್ತ್ ಬಣ್ಣ ಕೊಡುವುದು ದೋಷದ ಜಾತಿ ನೋಡಿ. ನಿಮ್ಮ ವ್ಯಾಪಾರಕ್ಕೆ ಯಾವುದು ಹೊಡೆತ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ರಿಯಾಯಿತಿ ದರ ಏರುವುದು, ಇಳಿಯುವುದು ಇಂಥ ನಿಗದಿತ ಕೆಲಸದಿಂದಲೇ. ಸೈಟಿನ ಮೂಲ ಸೆಟ್ಟಿಂಗ್ ಇರುವ ಡಬ್ಲ್ಯೂಪಿ-ಕಾನ್ಫಿಗ್ ಫೈಲು ತೆರೆದರೆ, ವರ್ಡ್‌ಪ್ರೆಸ್ಸಿನ ಕ್ರಾನ್ ಬೇಡ ಎನ್ನುವ ಸಾಲು ಅಲ್ಲಿತ್ತು. ಸಾಲು ತಪ್ಪಲ್ಲ. ಗಿರಾಕಿ ಬಂದಾಗ ಮಾತ್ರ ಏಳುವ ಕ್ರಾನ್‌ಗಿಂತ ಸರ್ವರಿನದೇ ಕ್ರಾನ್ ವಾಸಿ ಎಂದು ಹಿಂದೆ ಯಾರೋ ಹಾಗೆ ಮಾಡಿದ್ದರು. ಆಮೇಲೆ ಹೋಸ್ಟಿಂಗ್ ಬದಲಾಯಿತು. ಫೈಲು ಬಂತು, ಡೇಟಾಬೇಸ್ ಬಂತು, ಹಳೇ ಸಿಪ್ಯಾನೆಲ್‌ನಲ್ಲಿದ್ದ (ಹೋಸ್ಟಿಂಗಿನ ನಿಯಂತ್ರಣ ಪುಟ) ಕ್ರಾನ್ ಜಾಬ್ ಅಲ್ಲೇ ಉಳಿಯಿತು.

ಹೊಸ ಸಿಪ್ಯಾನೆಲ್‌ನಲ್ಲಿ 15 ನಿಮಿಷಕ್ಕೊಮ್ಮೆ ಡಬ್ಲ್ಯೂಪಿ-ಕ್ರಾನ್ ಫೈಲು ಓಡುವಂತೆ ಜಾಬ್ ಹಾಕಿದರೆ ಮುಗಿಯಿತು, ಆದರೆ ಅದಕ್ಕೆ ಮೊದಲು ವೂಕಾಮರ್ಸ್ ಸ್ಟೇಟಸ್ಸಿನ ಕೆಳಗಿರುವ ಷೆಡ್ಯೂಲ್ಡ್ ಆ್ಯಕ್ಷನ್ಸ್ ಪಟ್ಟಿ ನೋಡಲೇಬೇಕು. ಬಾಕಿ ಬಿದ್ದ ಕೆಲಸಗಳೆಲ್ಲ ಕ್ರಾನ್ ಎದ್ದ ಕೂಡಲೇ ಓಡುತ್ತವೆ. ಅದರಲ್ಲಿ ಹಳೇ ಜಾಹೀರಾತು ಮೇಲ್‌ಗಳಿದ್ದರೆ ದೀಪಾವಳಿ ಆಫರ್ ಸಂಕ್ರಾಂತಿಗೆ ಗಿರಾಕಿಯ ಇನ್‌ಬಾಕ್ಸಿಗೆ ಹೋಗುತ್ತದೆ. ಇನ್ನೊಂದು ತೊಡಕು: ಕೆಲವು ಹೋಸ್ಟಿಂಗ್‌ಗಳಲ್ಲಿ ವೆಬ್ಬಿಗೆ ಒಂದು ಪಿಎಚ್‌ಪಿ ಆವೃತ್ತಿ, ಕ್ರಾನ್ ಓಡಿಸುವ ಕಮಾಂಡಿಗೆ ಇನ್ನೊಂದು ಇರುತ್ತದೆ. ಜಾಬ್ ಸುಮ್ಮನೆ ಸಾಯುತ್ತಿದ್ದರೆ ಪಿಎಚ್‌ಪಿಯ ಪೂರ್ತಿ ದಾರಿ ಬರೆದು ನೋಡಿ. ಟೈಮ್‌ಝೋನನ್ನೂ ನೋಡಿ: ಸೆಟ್ಟಿಂಗ್ಸ್‌ನಲ್ಲಿ ಕೋಲ್ಕತಾ ಬದಲು ಯುಟಿಸಿ (ಅಂತರರಾಷ್ಟ್ರೀಯ ಸಮಯ) ಉಳಿದಿದ್ದರೆ ಮಧ್ಯರಾತ್ರಿಗೆ ಇಟ್ಟ ದರ ನಮ್ಮಲ್ಲಿ ಬೆಳಗಿನ 5.30ಕ್ಕೆ ಬರುತ್ತದೆ.

ವರದಿ ಹಂಚುವ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಸಹಾಯ ಕೇಳುವವರು ಸೈಟ್ ಹೆಲ್ತ್‌ನ ಇನ್ಫೋ ಪುಟದ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಡುತ್ತಾರೆ. ಆ ಪುಟದಲ್ಲಿ ಡೇಟಾಬೇಸಿನ ಹೆಸರು, ಬಳಕೆದಾರ, ಹೋಸ್ಟ್, ಟೇಬಲ್ ಪ್ರಿಫಿಕ್ಸ್ ಎಲ್ಲ ಕಾಣುತ್ತವೆ. ಅಲ್ಲೇ ಇರುವ ಕಾಪಿ ಬಟನ್ ಒತ್ತಿದರೆ ಇವು ತಾವಾಗಿ ಬಿಟ್ಟುಹೋಗುತ್ತವೆ. ಆದರೆ ಫೋಲ್ಡರುಗಳ ದಾರಿ ಬರುತ್ತದೆ, ಅದರಲ್ಲಿ ಹೋಸ್ಟಿಂಗ್ ಖಾತೆಯ ಹೆಸರು ಇರುವುದುಂಟು. ಪ್ಲಗಿನ್‌ಗಳ ಆವೃತ್ತಿ ಸಂಖ್ಯೆಗಳೂ ಬರುತ್ತವೆ. ಯಾವ ಕಿಟಕಿಗೆ ಚಿಲಕ ಇಲ್ಲ ಎಂದು ಬರೆದು ಬಾಗಿಲಿಗೆ ಅಂಟಿಸಿದ ಹಾಗೆ. ಕಾಪಿ ಮಾಡಿದ್ದನ್ನು ಒಮ್ಮೆ ಓದಿ, ದಾರಿಗಳನ್ನು ಅಳಿಸಿ, ಬೇಕಾದವರೊಬ್ಬರಿಗೆ ಮಾತ್ರ ಕಳಿಸುವುದು ಒಳ್ಳೆಯದು.

ಸೈಟಿನ ತಪ್ಪುಗಳನ್ನು ಬರೆದಿಡುವ ಡೀಬಗ್ ಲಾಗ್ ಇದಕ್ಕಿಂತ ಅಪಾಯ. ಆನ್ ಮಾಡಿದರೆ ಅದು ಸಾಮಾನ್ಯವಾಗಿ ಕೂರುವುದು ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರಿನಲ್ಲಿ. ಸರ್ವರ್ ತಡೆಯದಿದ್ದರೆ ವಿಳಾಸ ಟೈಪ್ ಮಾಡಿದ ಯಾರಿಗೂ ತೆರೆದುಕೊಳ್ಳುತ್ತದೆ. ಪಾವತಿ ಪ್ಲಗಿನ್ ಏನಾದರೂ ಆರ್ಡರಿನ ವಿವರವನ್ನೇ ಅದರಲ್ಲಿ ಬರೆದಿದ್ದರೆ ಗಿರಾಕಿಯ ನಂಬರು ಬೀದಿಗೆ ಬಿತ್ತು. ಲಾಗ್ ಬೇಕೇ ಬೇಕಾದರೆ ವೆಬ್ ಫೋಲ್ಡರಿನ ಹೊರಗಿನ ದಾರಿ ಕೊಡಿ, ಕೆಲಸವಾದ ಮೇಲೆ ಅಳಿಸಿ.

ಕ್ವೆರಿ ಮಾನಿಟರ್ ಸಂಗ್ರಹಿಸಿದ್ದನ್ನು ಉಳಿಸಿಡುವುದೂ ಇಲ್ಲ, ಹೊರಗೆ ಕಳಿಸುವುದೂ ಇಲ್ಲ. ಅದರ ಎಚ್‌ಟಿಟಿಪಿ ಕರೆಗಳ ಪಟ್ಟಿ ನಮಗೆ ಇಷ್ಟ: ಆ ಪುಟ ತೆರೆಯುವಾಗ ಯಾವ ಪ್ಲಗಿನ್ ಯಾವ ಹೊರಗಿನ ವಿಳಾಸವನ್ನು ಕರೆಯಿತು, ಎಷ್ಟು ಹೊತ್ತು ಹಿಡಿಯಿತು ಎಲ್ಲ ಸಿಗುತ್ತದೆ. ಖಾಸಗಿತನದ ಬಗ್ಗೆ ಪ್ಲಗಿನ್ ಹೇಳಿಕೊಳ್ಳುವುದಕ್ಕೂ ಮಾಡುವುದಕ್ಕೂ ತಾಳೆ ನೋಡಲು ಇಷ್ಟು ಸಾಕು.

ಇವು ಯಾವುವೂ ಹಿಡಿಯದ ಒಂದು ತೊಂದರೆ ಕನ್ನಡದಂಥ ಲಿಪಿಗಳ ಸೈಟುಗಳಿಗೆ ಇದೆ. ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರಕ್ಕೆ ಬರುವ ವಿರಾಮ ಚಿಹ್ನೆ (್) ಸೇರಿ, ಲಿಂಕಿನಲ್ಲಿ 9 ಅಕ್ಷರ ತಿನ್ನುತ್ತದೆ. ವರ್ಡ್‌ಪ್ರೆಸ್ ಕೊಡುವ ಜಾಗ 200. "ಮಂಡ್ಯದ ಆಲೆಮನೆಯಲ್ಲಿ ಬೆಲ್ಲ ಆಗುವ ಬಗೆ" ಎಂಬ ತಲೆಬರಹದಲ್ಲಿ ಬೆಲ್ಲದವರೆಗೆ ಸರಿಯಾಗಿ 200 ತುಂಬಿ ಉಳಿದದ್ದು ಬಿದ್ದುಹೋಗುತ್ತದೆ. ಅದೇ ಮೂರು ಪದದಿಂದ ಶುರುವಾಗುವ ಮುಂದಿನ ಬರಹಕ್ಕೆ ಕೊನೆಯಲ್ಲಿ 2 ಅಂಟುತ್ತದೆ. ಲಿಂಕನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೈಯಾರೆ ಬರೆಯುವುದೇ ಪರಿಹಾರ. ಪ್ರಕಟವಾದ ಮೇಲೆ ಬದಲಿಸಿದರೆ ಪೋಸ್ಟುಗಳ ಹಳೇ ಲಿಂಕು ತಾನಾಗಿ ಹೊಸದಕ್ಕೆ ತಿರುಗುತ್ತದೆ. ಪೇಜುಗಳದು ತಿರುಗುವುದಿಲ್ಲ, ಅದಕ್ಕೆ ರೀಡೈರೆಕ್ಟ್ ನಾವೇ ಹಾಕಬೇಕು.