ಇಲ್ಲಿ ಆದ್ರೆ ಯಾರೂ ಎಬ್ಬಿಸಲ್ಲ ಮೇಡಂ

"ಇಲ್ಲಿ ಆದ್ರೆ ಯಾರೂ ಎಬ್ಬಿಸಲ್ಲ ಮೇಡಂ" ಅಂದ್ಲು, ಒಂದು ಆಫೀಸಲ್ಲಿ ಸಿಕ್ಕಿದ ಹುಡುಗಿ. ಬುಧವಾರದಿಂದ ಈ ಒಂದು ಮಾತು ತಲೇಲಿ ಸುತ್ತುತ್ತಾನೇ ಇದೆ, ಬರೆದು ಹಾಕ್ದೆ ಬೇರೆ ಕೆಲಸಕ್ಕೆ ಕೈ ಹೋಗ್ತಿಲ್ಲ.

ನಂದು ಆಫೀಸ್ ಇಂಟೀರಿಯರ್ ಕೆಲಸ. ಔಟರ್ ರಿಂಗ್ ರೋಡಲ್ಲಿ ಒಂದು ಕಂಪನಿ ಮೂರು ಫ್ಲೋರ್ ಇದ್ದದ್ದನ್ನ ಎರಡಕ್ಕೆ ಇಳಿಸ್ತಿದೆ, ಹೈಬ್ರಿಡ್ (ಕೆಲವು ದಿನ ಆಫೀಸು, ಕೆಲವು ದಿನ ಮನೆ) ಬಂದ್ಮೇಲೆ ಅಷ್ಟೊಂದು ಜಾಗಕ್ಕೆ ಬಾಡಿಗೆ ಯಾಕೆ ಕಟ್ಬೇಕು ಅಂತ. ಹೊಸ ಲೇಔಟ್ ಹಾಕೋ ಮುಂಚೆ ಯಾರು ಎಲ್ಲಿ ಕೂರ್ತಾರೆ, ಯಾವ ರೂಮು ಎಷ್ಟು ಹೊತ್ತು ಖಾಲಿ ಬಿದ್ದಿರುತ್ತೆ ಅಂತ ನೋಡೋಕೆ ಪ್ಲಾನ್ ಪ್ರಿಂಟ್ ಹಿಡ್ಕೊಂಡು ಟಿಕ್ ಹಾಕ್ತಾ ಓಡಾಡ್ತಿದ್ದೆ. ಫೈರ್ ಎಕ್ಸಿಟ್ ಬಾಗ್ಲಿಗೆ ಯಾರೋ ಡಸ್ಟ್‌ಬಿನ್ ಒತ್ತಿಟ್ಟಿದ್ರು, ಅರ್ಧ ತೆರೆದಿತ್ತು. ಬೆಂಕಿ ಬಿದ್ರೆ ಹೊಗೆ ಮೆಟ್ಟಿಲಿಗೆ ನುಗ್ಗದೇ ಇರ್ಲಿ ಅಂತಾನೇ ಆ ಬಾಗ್ಲು ಇರೋದು, ಅದನ್ನ ತೆರೆದಿಡಂಗಿಲ್ಲ, ಅದಕ್ಕೆ ಡಸ್ಟ್‌ಬಿನ್ ಎಳೆಯೋಕೆ ಹೋದ್ರೆ ಆಚೆ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂತಿದಾಳೆ. ತೊಡೆ ಮೇಲೆ ಲ್ಯಾಪ್‌ಟಾಪು, ಬೆನ್ನಿಗೆ ಬ್ಯಾಗು, ಚಾರ್ಜರ್ ವೈರನ್ನ ಬಾಗ್ಲ ಸಂದೀಲಿ ಎಳೆದು ಒಳಗಡೆ ಹೌಸ್‌ಕೀಪಿಂಗ್‌ನೋರು ವ್ಯಾಕ್ಯೂಮ್‌ಗೆ ಇಟ್ಕೊಂಡಿರೋ ಸಾಕೆಟ್‌ಗೆ ಹಾಕಿದಾಳೆ. ಡಸ್ಟ್‌ಬಿನ್ ಇಟ್ಟಿದ್ದೂ ಆ ವೈರಿಗೋಸ್ಕರಾನೇ. ಕಾಲ್‌ನಲ್ಲಿದ್ಲು, ಮುಗಿಯೋವರ್ಗೂ ಕಾದೆ.

"ಯಾಕಮ್ಮ ಇಲ್ಲಿ ಕೂತಿದ್ಯ?" ಅಂದಿದ್ದಕ್ಕೆ ಆ ಮಾತು. ದೂರೋ ಥರ ಅಲ್ಲ, ಒಂದು ಉಪಾಯ ಹೇಳ್ಕೊಡೋ ಥರ ಹೇಳಿದ್ಲು, ಅದೇ ನಂಗೆ ಜಾಸ್ತಿ ಚುಚ್ಚಿದ್ದು. ಸೀಟ್ ಬುಕ್ ಮಾಡೋ ಆ್ಯಪ್ ಇದೆ, ಬುಧವಾರದ ಸೀಟೆಲ್ಲಾ ಹಿಂದಿನ ಸಂಜೇನೇ ಬುಕ್ ಆಗ್ಹೋಗುತ್ತಂತೆ. ಬೆಳಿಗ್ಗೆ ಬಂದು ಖಾಲಿ ಕಂಡ ಕಡೆ ಕೂತಿದಾಳೆ, ಬುಕ್ ಮಾಡಿದೋನು ನಿಧಾನಕ್ಕೆ ಹನ್ನೊಂದಕ್ಕೆ ಬಂದು ಎಬ್ಬಿಸಿದಾನೆ, ಇನ್ನೊಂದು ಕಡೆ ಹೋಗಿದಾಳೆ, ಅಲ್ಲೂ ಎಬ್ಬಿಸಿದಾರೆ. ಹಂಗಾದ್ರೆ ಬುಧವಾರ ಮನೆಯಿಂದಾನೇ ಮಾಡ್ಬಹುದಲ್ಲ ಅಂತ ನಾನು ಕೇಳ್ದೆ. ಹಾಸನದ ಕಡೆ ಹುಡುಗಿ, ಬೆಳ್ಳಂದೂರಲ್ಲಿ ಪೀಜೀಲಿದಾಳೆ, ಮೂರು ಜನರ ರೂಮು, ಮೂರು ಮಂಚ, ಮೂರು ಬೀರು, ಒಂದೂ ಟೇಬಲ್ ಇಲ್ಲ. ಒಬ್ಳು ನೈಟ್ ಶಿಫ್ಟ್ ಮುಗ್ಸಿ ಬಂದು ಹಗಲೆಲ್ಲಾ ಮಲಗಿರ್ತಾಳೆ, ಅವಳ ಪಕ್ಕ ಕೂತು ಕಾಲ್‌ನಲ್ಲಿ ಮಾತಾಡೋದು ಹೆಂಗೆ? ಅದಕ್ಕೇ ಕಂಪನಿ ವಾರಕ್ಕೆ ಮೂರೇ ದಿನ ಬಾ ಅಂದ್ರೂ ಇವಳು ಐದು ದಿನಾನೂ ಬರ್ತಾಳೆ.

ಹೀಗೆ ಮಾತಾಡ್ತಿರೋವಾಗ್ಲೇ ಸೆಕ್ಯೂರಿಟಿ ಅಣ್ಣ ಬಂದು "ಮೇಡಂ, ಇಲ್ಲಿ ಕೂರಂಗಿಲ್ಲ, ಆಡಿಟ್‌ನೋರು ನೋಡಿದ್ರೆ ನಂಗೆ ಬೈತಾರೆ" ಅಂದ. ಅವನದೇನೂ ತಪ್ಪಿಲ್ಲ, ಎಮರ್ಜೆನ್ಸೀಲಿ ಅಷ್ಟೂ ಜನ ಇಳಿಯೋ ದಾರಿ ಅದು. ಅವಳು ವೈರ್ ಸುತ್ಕೊಂಡು ಎದ್ಲು. ಎಬ್ಬಿಸಲ್ಲ ಅಂತಿದ್ದ ಕಡೆಯಿಂದಾನೂ ಎಬ್ಬಿಸಿದ್ದಾಯ್ತು.

ಅದೇ ಫ್ಲೋರಲ್ಲಿ ಹದಿನಾರು ಸೀಟಿನ ಬೋರ್ಡ್ ರೂಮಲ್ಲಿ ಒಬ್ರು ಮ್ಯಾನೇಜರ್ ಒಬ್ರೇ ಕೂತು ಸ್ಪೀಕರ್ ಹಾಕ್ಕೊಂಡು ಕಾಲ್ ಮಾಡ್ತಿದ್ರು, ನಾನು ರೌಂಡ್ ಮುಗಿಸಿ ವಾಪಸ್ ಬಂದಾಗ್ಲೂ ಅಲ್ಲೇ ಇದ್ರು. ಗಾಜಿನ ಗೋಡೆ, ಆಚೆ ಜನ ಜಾಗ ಹುಡುಕ್ತಾ ಓಡಾಡೋದು ಅವರಿಗೆ ಕಾಣುತ್ತೆ. ಒಳ್ಳೇ ಮನುಷ್ಯ ಇರ್ಬಹುದು, ನಂಗೊತ್ತಿಲ್ಲ, ಆದ್ರೆ ಆ ಹೊತ್ತಲ್ಲಿ ನಂಗೆ ಅವರ ಮೇಲೆ ಸಿಟ್ಟು ಬಂದಿದ್ದಂತೂ ನಿಜ.

ಈ ಕಂಪನಿಯೋರು ನಮಗೆ ಕೊಟ್ಟ ಬ್ರೀಫಲ್ಲಿ, ಅಂದ್ರೆ ಏನು ಬೇಕು ಅಂತ ಬರೆದುಕೊಟ್ಟಿದ್ರಲ್ಲಿ, ಇದ್ದಿದ್ದು ಬರೀ ದಿನಕ್ಕೆ ಎಷ್ಟು ಜನ ಬರ್ತಾರೆ ಅನ್ನೋ ಆವರೇಜು. ಆವರೇಜ್ ಹೆಂಗೆ ಮೋಸ ಮಾಡುತ್ತೆ ನೋಡಿ. ಲೆಕ್ಕಕ್ಕೆ 100 ಜನ ಅಂತ ಇಟ್ಕೊಳಿ. ಸೋಮವಾರ 30 ಜನ ಬರ್ತಾರೆ, ಮಂಗಳವಾರ 75, ಬುಧವಾರ 80, ಗುರುವಾರ 70, ಶುಕ್ರವಾರ 20. ಆವರೇಜ್ 55. ಸರಿ, ಇನ್ನೂ ಸ್ವಲ್ಪ ಜಾಸ್ತೀನೇ ಇರ್ಲಿ ಅಂತ 60 ಸೀಟ್ ಹಾಕ್ತಾರೆ, ಪವರ್‌ಪಾಯಿಂಟಲ್ಲಿ ಚೆನ್ನಾಗೇ ಕಾಣುತ್ತೆ, ಬುಧವಾರ ಮಾತ್ರ 20 ಜನಕ್ಕೆ ಕೂರೋಕೆ ಜಾಗ ಇಲ್ಲ. ಶುಕ್ರವಾರ 40 ಕುರ್ಚಿ ಖಾಲಿ, ಎಸಿ ಮಾತ್ರ ಪೂರ್ತಿ ಓಡ್ತಿರುತ್ತೆ. ಜನ ಟೀಮ್ ಸಿಗೋ ದಿನಾನೇ ಬರ್ತಾರೆ, ಎಲ್ಲರಿಗೂ ವಾರದ ನಡುವೇನೇ ಬೇಕು, ಇದು ಅವರ ತಪ್ಪಲ್ಲ, ಸೇರೋಕೇ ಅಲ್ವಾ ಆಫೀಸಿಗೆ ಬರೋದು. ಆಮೇಲೆ ಆ 20 ಜನ ಯಾರು? ಬೇಗ ಬುಕ್ ಮಾಡೋಕೆ ಗೊತ್ತಿಲ್ದೋರು, ಹೊಸಬರು, "ಇದು ನನ್ ಸೀಟು" ಅಂತ ಜೋರಾಗಿ ಹೇಳೋಕೆ ಬರ್ದೇ ಇರೋರು.

ಇದೇನು ಹೊಸ ಕಥೇನೂ ಅಲ್ಲ. 1990ರ ದಶಕದಲ್ಲೇ ಅಮೆರಿಕದಲ್ಲಿ ಷಿಯಾಟ್ ಡೇ ಅನ್ನೋ ಜಾಹೀರಾತು ಕಂಪನಿ ಯಾರಿಗೂ ಸ್ವಂತ ಡೆಸ್ಕ್ ಬೇಡ ಅಂತ ತೀರ್ಮಾನ ಮಾಡಿ ಬೆಳಿಗ್ಗೆ ಕೌಂಟರಲ್ಲಿ ಫೋನು ಲ್ಯಾಪ್‌ಟಾಪು ಇಸ್ಕೊಂಡು ಎಲ್ಲಾದ್ರೂ ಕೂತ್ಕೊಳಿ ಅಂದಿತ್ತು. ಜನ ಏನ್ಮಾಡಿದ್ರು? ಬೇಗ ಬಂದು ಲ್ಯಾಪ್‌ಟಾಪ್ ಬಚ್ಚಿಡೋಕೆ ಶುರು ಮಾಡಿದ್ರು, ಫೈಲೆಲ್ಲಾ ಕಾರಿನ ಡಿಕ್ಕೀಲಿ ಇಟ್ಕೊಂಡ್ರು. ಕೆಲವೇ ವರ್ಷದಲ್ಲಿ ಅದನ್ನ ಕೈಬಿಡಬೇಕಾಯ್ತು. ಓಪನ್ ಆಫೀಸ್ ಮಾಡಿದ್ರೆ ಜನ ಜಾಸ್ತಿ ಮಾತಾಡ್ತಾರೆ ಅಂತಾರಲ್ಲ, 2018ರಲ್ಲಿ ಎಥನ್ ಬರ್ನ್‌ಸ್ಟೀನ್, ಸ್ಟೀಫನ್ ಟರ್ಬನ್ ಅನ್ನೋ ಸಂಶೋಧಕರು ಎರಡು ದೊಡ್ಡ ಕಂಪನಿಗಳಲ್ಲಿ ಅಳೆದು ನೋಡಿದಾಗ ಗೋಡೆ ತೆಗೆದ ಮೇಲೆ ಮುಖ ನೋಡಿ ಮಾತಾಡೋದು ಹತ್ತಿರ ಹತ್ತಿರ 70 ಪರ್ಸೆಂಟ್ ಕಮ್ಮಿ ಆಗಿತ್ತು, ಈಮೇಲು ಮೆಸೇಜು ಜಾಸ್ತಿ ಆಗಿತ್ತು. ಎಲ್ಲರ ಕಣ್ಣೆದುರು ಕೂತಾಗ ಮನುಷ್ಯ ಹೆಡ್‌ಫೋನ್ ಹಾಕ್ಕೊಂಡು ಮುದುಡ್ಕೋತಾನೆ.

ಈಗಂತೂ ಪಕ್ಕದಲ್ಲಿ ಕೂತೋರೆಲ್ಲಾ ಬೇರೆ ಬೇರೆ ಕಾಲ್‌ನಲ್ಲಿರ್ತಾರೆ, ಯಾಕಂದ್ರೆ ಟೀಮಲ್ಲಿ ಒಬ್ರಾದ್ರೂ ಮನೇಲಿರ್ತಾರೆ. ಮೇಲೆ ನೋಡಿದ್ರೆ ಫಾಲ್ಸ್ ಸೀಲಿಂಗ್ ಇಲ್ಲ, ಡಕ್ಟು ಪೈಪೆಲ್ಲಾ ಕಾಣೋ ಹಂಗೆ ಬಿಟ್ಟು ಕಪ್ಪು ಪೇಂಟ್ ಹೊಡ್ದಿರ್ತಾರೆ, ಅದೀಗ ಫ್ಯಾಶನ್. ಸದ್ದು ಹೀರ್ಕೊಳ್ತಿದ್ದ ಟೈಲ್ ಹೋಯ್ತು, ಕೆಳಗೆ ವಿಟ್ರಿಫೈಡ್ ಟೈಲು, ಪಕ್ಕದಲ್ಲಿ ಗಾಜು, ಒಬ್ರು "ಕ್ಯಾನ್ ಯು ಹಿಯರ್ ಮಿ" ಅಂದ್ರೆ ಇಡೀ ಫ್ಲೋರ್‌ಗೆ ಕೇಳುತ್ತೆ. ಮೀಟಿಂಗ್ ರೂಮಲ್ಲಿ ಉದ್ದ ಟೇಬಲ್, ಆ ತುದೀಲಿ ಟೀವಿ ಮೇಲೆ ಕ್ಯಾಮೆರಾ, ಮನೇಲಿರೋನಿಗೆ ಮೊದಲ ಇಬ್ರ ಮುಖ ಬಿಟ್ರೆ ಉಳಿದೋರು ಬರೀ ತಲೆ ತಲೆ. ಟೇಬಲ್ಲನ್ನ ಕ್ಯಾಮೆರಾ ಕಡೆ ಅಗಲ ಆಗ್ತಾ ಹೋಗೋ ಹಂಗೆ ಕತ್ತರಿಸಿದ್ರೆ ಸಾಕು, ಕೊನೇಲಿ ಕೂತೋರೂ ಕಾಣ್ತಾರೆ, ಮೈಕ್ ಇನ್ನೊಂದೆರಡು ಹಾಕಿದ್ರೆ ಅವರ ಮಾತೂ ಕೇಳುತ್ತೆ. ಇದಕ್ಕೆ ದುಡ್ಡಿಲ್ಲ ಅಂತಾರೆ, ರಿಸೆಪ್ಶನ್ ಹಿಂದಿನ ಹಸಿರು ಗೋಡೆಗೆ ದುಡ್ಡಿರುತ್ತೆ.

ನಂಗೆ ಅನ್ಸೋದು, ಈ ಹೈಬ್ರಿಡ್ ಪಾಲಿಸಿ ಬರೆಯೋರಿಗೆಲ್ಲಾ ಮನೇಲಿ ಒಂದು ರೂಮಿದೆ. ಬಾಗ್ಲು ಹಾಕ್ಕೊಂಡು ಕೂರೋಕಾಗುತ್ತೆ. ಅವರಿಗೆ ಆಫೀಸ್ ಅಂದ್ರೆ ಜನ ಸಿಗೋ ಜಾಗ, ಕಾಫಿ ಕುಡ್ಯೋ ಜಾಗ, ಅದಕ್ಕೇ ಸೋಫಾ ಜಾಸ್ತಿ ಹಾಕಿ, ಡೆಸ್ಕ್ ಕಮ್ಮಿ ಮಾಡಿ ಅಂತಾರೆ. ಈ ಹುಡುಗಿಗೆ ಹಂಗಲ್ಲ. ಇಷ್ಟು ದೊಡ್ಡ ಬೆಂಗಳೂರಲ್ಲಿ ಅವಳಿಗೆ ಕೂತು ಬರೆಯೋಕೆ ಒಂದು ಟೇಬಲ್ ಇರೋದು ಆ ಆಫೀಸಲ್ಲಿ ಮಾತ್ರ. ಅವಳಂಥೋರು ಎಷ್ಟೋ ಜನ. ಟೂ ಬಿಎಚ್‌ಕೇಲಿ ಅತ್ತೆ ಮಾವ ಇಬ್ರು ಮಕ್ಕಳ ಜೊತೆ ಇದ್ಕೊಂಡು ಅಡುಗೆ ಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡೋರನ್ನ ನಾನೇ ನೋಡಿದೀನಿ. ಹಂಪಿನಗರದ ಲೈಬ್ರರೀಲಿ ಎಕ್ಸಾಮ್‌ಗೆ ಓದೋ ಮಕ್ಕಳು ತುಂಬಿರ್ತಾರಲ್ಲ, ಅವರು ಅಲ್ಲಿಗೆ ಬರೋದು ಬರೀ ಪುಸ್ತಕಕ್ಕಾ? ಒಂದು ಕುರ್ಚಿ, ಒಂದು ಮೇಜು, ಯಾರೂ ಎಬ್ಬಿಸದೇ ಇರೋ ನಾಲ್ಕು ಗಂಟೆ, ಅದಕ್ಕೆ. ಊರೇ ಅದನ್ನ ಕೊಡ್ತಿಲ್ಲ, ಬಾಡಿಗೆ ಮನೆ ಕೊಡ್ತಿಲ್ಲ, ಪೀಜಿ ಕೊಡ್ತಿಲ್ಲ, ಕೊನೆಗೆ ಉಳಿದಿದ್ದು ಆಫೀಸು, ಅದನ್ನೂ ಆ್ಯಪ್‌ಗೆ ಹಾಕ್ಬಿಟ್ರೆ ಎಲ್ಲಿಗೆ ಹೋಗ್ಬೇಕು ಅವರು?

ಶುಕ್ರವಾರದ ಮೀಟಿಂಗಲ್ಲಿ ನಾನು ಹೇಳ್ದೆ, ವಾರಕ್ಕೆ ನಾಲ್ಕೈದು ದಿನ ಬರೋರು ಯಾರು ಅಂತ ಸ್ವೈಪ್ ಡೇಟಾದಲ್ಲೇ (ಒಳಗೆ ಬರೋವಾಗ ಕಾರ್ಡ್ ಉಜ್ಜಿದ ಲೆಕ್ಕ) ಸಿಗುತ್ತೆ, ಅವರಿಗೆ ಬೇಕಂದ್ರೆ ಫಿಕ್ಸೆಡ್ ಸೀಟ್ ಕೊಡಿ, ಉಳಿದೋರಿಗೆ ಬುಕಿಂಗ್ ಇರ್ಲಿ. ಬೋರ್ಡ್ ರೂಮ್ ಒಡೆದು ಇಬ್ರು ಇಬ್ರು ಕೂರೋ ಸಣ್ಣ ರೂಮು ಮಾಡೋಣ, ಗಾಳಿ ಆಡೋ ಹಂಗೆ, ಗೋಡೆಗೆ ಸದ್ದು ಹೀರೋ ಪ್ಯಾನೆಲ್ ಹಾಕಿ. ಆಫೀಸ್ ಜಾಗ ನೋಡ್ಕೊಳ್ಳೋ ಫೆಸಿಲಿಟೀಸ್‌ನೋರು "ಬರೀ ಸೀಟ್ ತಾನೇ ಮೇಡಂ, ಇಷ್ಟೊಂದು ಯಾಕೆ" ಅಂದ್ರು. ಮೆಟ್ಟಿಲ ಮೇಲೆ ಕೂತಿದ್ದ ವಿಷಯ ಹೇಳ್ದೆ, ಹೆಸರು ಹೇಳ್ಲಿಲ್ಲ. ಎಚ್‌ಆರ್ ಮೇಡಂ ಮಾತ್ರ ತಕ್ಷಣ ಬರ್ಕೊಂಡ್ರು, ಡೇಟಾ ಕಳಿಸ್ತೀನಿ ಅಂದ್ರು, ಅವರ ಬಗ್ಗೆ ನಂಗೆ ಗೌರವ ಬಂತು. ಫೈನಾನ್ಸ್ ಹೆಡ್ ಬೋರ್ಡ್ ರೂಮ್ ಮುಟ್ಟೋಕೆ ಬಿಡಲ್ಲ ಅಂತ ಕೂತಿದಾರೆ.

ಸೋಮವಾರ ಬದಲಾಯಿಸಿದ ಡ್ರಾಯಿಂಗ್ ಕಳಿಸ್ಬೇಕು. ಬೋರ್ಡ್ ರೂಮ್ ಒಡೆದೇ ಹಾಕಿದೀನಿ. ಫಿಕ್ಸೆಡ್ ಸೀಟ್ ಕೇಳಿದೋರಿಗೆ ಯಾಕೆ ಅಂತ ಕಾರಣ ಕೇಳ್ಬಾರ್ದು ಅನ್ನೋ ಸಾಲನ್ನೂ ಡ್ರಾಯಿಂಗ್ ಪಕ್ಕದಲ್ಲೇ ಬರ್ದಿದೀನಿ, ಮೂರು ಜನರ ರೂಮಲ್ಲಿ ಟೇಬಲ್ ಇಲ್ಲ ಅಂತ ಯಾರೂ ಫಾರ್ಮಲ್ಲಿ ತುಂಬಿ ಕೊಡೋ ಹಂಗಾಗ್ಬಾರ್ದು. ಆ ಸಾಲು ಬೇಡ ಅಂದ್ರೆ ಅವರೇ ಹೊಡೆದು ಹಾಕಿ, ಕೆಳಗೆ ಸಹಿ ಮಾಡಿ ಕಳಿಸ್ಲಿ.