ಹೆಣ್ಣುಮಕ್ಕಳಿಗೆ ಯಾವ ಸೈಕಲ್ ಒಳ್ಳೆಯದು?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ಚೀಲವನ್ನು ಕ್ಯಾರಿಯರ್‌ಗೆ ಬಿಗಿಯುತ್ತಿರುವಾಗ ಯಾರಾದರೊಬ್ಬರು ಹತ್ತಿರ ಬಂದು, "ಅಕ್ಕಾರ, ನಾನೂ ಒಂದು ಸೈಕಲ್ ತಗೋಬೇಕಂತ ಮಾಡೀನಿ, ಯಾವ ಕಂಪನೀದು ಛಲೋರಿ?" ಎಂದು ಕೇಳುತ್ತಾರೆ. ಇವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಮಾರುಕಟ್ಟೆ, ಗುಡಿ, ಸಂಜೆ ಅಪ್ಪನ ಕೆರೆಯ ಕಡೆ ಎಂದು ದಿನಕ್ಕೆ ಎರಡು ಮೂರು ಕಿಲೋಮೀಟರ್ ಓಡಾಡಬೇಕೆನ್ನುವವರು. ಕಂಪನಿಯ ಮಾತು ಆಮೇಲಾಗಲಿ, ಸೈಕಲ್ ಮೈಗೆ ಹೊಂದುತ್ತದೆಯೇ ಎಂದು ಮೊದಲು ನೋಡಿ ಎನ್ನುತ್ತೇನೆ.

ಮೇಲಿನ ಪೈಪು ಕೆಳಕ್ಕೆ ಬಾಗಿರುವ ಸೈಕಲ್ಲನ್ನೇ ಆರಿಸಿಕೊಳ್ಳಿ. ಸೀರೆಯುಟ್ಟಾಗಲೂ ಕಾಲೆತ್ತದೆ ಹತ್ತಬಹುದು, ಜಗತ್ ಸರ್ಕಲ್‌ನಂಥ ಗದ್ದಲದಲ್ಲಿ ಥಟ್ಟನೆ ಇಳಿಯಲೂಬಹುದು. ಚೈನನ್ನು ಪೂರ್ತಿ ಮುಚ್ಚುವ ಕವರ್ ಮತ್ತು ಹಿಂದಿನ ಗಾಲಿಗೆ ಸೀರೆ ಗಾರ್ಡ್ ಇರಲೇಬೇಕು. ಐದು ಅಡಿಗಿಂತ ಗಿಡ್ಡ ಇರುವವರಿಗೆ 24 ಇಂಚಿನ ಗಾಲಿ, ಉಳಿದವರಿಗೆ 26 ಇಂಚಿನದು ಸಾಮಾನ್ಯವಾಗಿ ಸರಿಹೋಗುತ್ತದೆ.

ಸೀಟಿನ ವಿಷಯದಲ್ಲಿ ನಾನೇ ಒಂದು ವರ್ಷ ತಪ್ಪು ಮಾಡಿದೆ. ಬಿದ್ದೇನೆಂಬ ಭಯದಿಂದ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಂತೆ ಸೀಟು ಇಳಿಸಿಕೊಂಡಿದ್ದೆ. ಮಂಡಿನೋವು ಶುರುವಾದಾಗ ವಯಸ್ಸಾಯಿತೆಂದುಕೊಂಡೆ. ಒಮ್ಮೆ ಪಂಕ್ಚರ್ ಹಾಕಿಸಲು ಹೋದಾಗ ಅಂಗಡಿಯ ಅಜ್ಜನವರು ಪಾನಾ ಹಿಡಿದು ಸೀಟನ್ನು ಎರಡು ಬೆರಳಷ್ಟು ಎತ್ತಿ, "ಈಗ ಹೊಡೀರಿ ನೋಡೋಣ" ಎಂದರು. ಕೆಲವೇ ದಿನಗಳಲ್ಲಿ ಮಂಡಿ ಹಗುರಾಯಿತು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ತೀರ ಕೆಳಗಿರುವ ಹಂತದಲ್ಲಿ ಕಾಲು ನೆಟ್ಟಗಾಗಬೇಕು. ಅದೇ ಸರಿಯಾದ ಎತ್ತರ. ಹೊಸದಾಗಿ ಕಲಿಯುವವರು ಮೊದಲು ತಗ್ಗಿಸಿಕೊಂಡು, ಧೈರ್ಯ ಬಂದಂತೆ ಅರ್ಧರ್ಧ ಇಂಚು ಏರಿಸುತ್ತ ಹೋಗಬೇಕು. ಬೆನ್ನು ನೆಟ್ಟಗಿಟ್ಟು ಓಡಿಸುವಾಗ ಮೈಭಾರವೆಲ್ಲ ಸೀಟಿನ ಮೇಲೆಯೇ ಬೀಳುವುದರಿಂದ ಸೀಟು ಅಗಲವಾಗಿದ್ದು, ಕೆಳಗೆ ಸ್ಪ್ರಿಂಗ್ ಇದ್ದರೆ ಒಳ್ಳೆಯದು.

ಗೇರಿಗೆ ದುಡ್ಡು ಹಾಕಬೇಡಿ. ನಮ್ಮ ಊರು ಹೆಚ್ಚುಕಡಿಮೆ ಸಮತಟ್ಟು. ರೈಲ್ವೆ ಮೇಲ್ಸೇತುವೆ ಏರುವಾಗ ಬೇಕಾದರೆ ಇಳಿದು ನೂಕಿಕೊಂಡು ಹೋಗಬಹುದು. ಅಗ್ಗದ ಸೈಕಲ್ಲಿಗೆ ಮುಂದುಗಡೆ ಹಾಕುವ ಸಸ್ಪೆನ್ಷನ್ ಕೂಡ ಭಾರವೇ ಹೊರತು ಸುಖವಲ್ಲ. ಆ ದುಡ್ಡನ್ನು ಟೈರಿಗೆ ಹಾಕಿದರೆ, ಒಂದೂಮುಕ್ಕಾಲು ಇಂಚು ಅಗಲದ ಟೈರೇ ತಗ್ಗುದಿನ್ನೆಗಳ ಪೆಟ್ಟನ್ನು ಅಷ್ಟಿಷ್ಟು ನುಂಗುತ್ತದೆ. ಗಾಳಿ ಎಷ್ಟಿರಬೇಕೆಂಬುದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಒಂದು ಬೆರಳಾದರೂ ಸಂದಿಯಿರಲಿ, ಏಕೆಂದರೆ ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಅಲ್ಲಿ ಮೆತ್ತಿಕೊಂಡರೆ ಗಾಲಿಯೇ ತಿರುಗುವುದಿಲ್ಲ. ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳಿಗೆ ಮಾತ್ರ ಯಾವ ಟೈರೂ ಪೂರ್ತಿ ತಡೆಯಲ್ಲ. ಮನೆಗೆ ಬಂದ ಮೇಲೆ ಗಾಲಿಯನ್ನು ನಿಧಾನ ತಿರುಗಿಸಿ, ಚುಚ್ಚಿಕೊಂಡಿದ್ದನ್ನು ಒಳಗಿಳಿಯುವ ಮುನ್ನ ಕಿತ್ತುಹಾಕಿ.

ಉಕ್ಕಿನ ಚೌಕಟ್ಟಿನ, ಗೇರಿಲ್ಲದ ಇಂಥ ಸೈಕಲ್ಲು ಆರೇಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕೊಳ್ಳುವ ಮುನ್ನ ಅಂಗಡಿಯ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ, ಎರಡೂ ಬ್ರೇಕುಗಳಿಗೆ ನಿಮ್ಮ ಬೆರಳು ಸಲೀಸಾಗಿ ಎಟಕುತ್ತವೆಯೇ ನೋಡಿ. ಹೊಸ ಸೈಕಲ್ಲಿನ ಕಡ್ಡಿಗಳೂ ನಟ್ಟುಗಳೂ ಓಡಿಸುತ್ತ ಸಡಿಲಾಗುವುದರಿಂದ, ಹದಿನೈದು ದಿನಕ್ಕೆ ಮತ್ತೊಮ್ಮೆ ಬಿಗಿದುಕೊಡುವುದಾಗಿ ಅಂಗಡಿಯವರಿಂದ ದುಡ್ಡು ಕೊಡುವ ಮೊದಲೇ ಮಾತು ತೆಗೆದುಕೊಳ್ಳಿ.