ಮರೀಚಿಯ ಪಕ್ಕದ ಸುಳಿ

29 ಮಾರ್ಚ್ 2025, ಶನಿವಾರ, ಅಮಾವಾಸ್ಯೆ
ಶಿರಸಿ ಹತ್ತಿರದ ನಮ್ಮೂರು

ನಾಳೆ ಯುಗಾದಿ. ಯುಗಾದಿಯ ಹಿಂದಿನ ರಾತ್ರಿ ಚಂದ್ರನ ಕಾಟ ಇರಲ್ಲ, ಅದಕ್ಕೇ ಈ ಸಲ ಗೆಳತಿಯ ಎಂಟು ಇಂಚು ಅಗಲದ ಟೆಲಿಸ್ಕೋಪನ್ನೂ ಊರಿಗೆ ತಂದೆ. ಕಾರಿನ ಹಿಂದಿನ ಸೀಟಿನ ತುಂಬ ಅದೇ ಮಲಗಿತ್ತು. ಊಟ ಮುಗಿಸಿ ಅಂಗಳದ ದೀಪ ಆರಿಸಿದೆವು. ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು. ಒಂದು ಸಲ ಬಿಳಿ ದೀಪ ನೋಡಿದರೆ ಮತ್ತೆ ಮೊದಲಿಂದ ಕಾಯಬೇಕು.

ಬೆಟ್ಟದ ಮೇಲೆ ಸಪ್ತರ್ಷಿ ಮಂಡಲ ಆಗಲೇ ಎದ್ದಿತ್ತು. ಅಪ್ಪಯ್ಯ ನಲವತ್ತು ವರ್ಷದಿಂದ ಮದುವೆ ಮಾಡಿಸುತ್ತಿದ್ದಾರೆ. ಹಗಲು ಮುಹೂರ್ತದಲ್ಲಿ ಚಪ್ಪರದಿಂದ ಹೊರಗೆ ಕರೆದು, ವಧೂವರರಿಗೆ ಅರುಂಧತಿ ಇರುವ ದಿಕ್ಕು ತೋರಿಸುತ್ತಾರೆ. ಹಾಗಾಗಿ ಮೊದಲು ಅವರಿಗೆ ವಸಿಷ್ಠನನ್ನೇ ತೋರಿಸಿದೆ. ಬರಿಗಣ್ಣಿಗೆ ವಸಿಷ್ಠ, ಪಕ್ಕದಲ್ಲಿ ಮಂಕಾಗಿ ಅರುಂಧತಿ. ಟೆಲಿಸ್ಕೋಪಿನಲ್ಲಿ ವಸಿಷ್ಠನೇ ಎರಡು ನಕ್ಷತ್ರವಾಗಿ ಒಡೆಯುತ್ತದೆ. ಅಪ್ಪಯ್ಯ ಕಣ್ಣು ತೆಗೆಯದೆ ಹೇಳಿದರು, "ಕೂಸೇ, ಇದು ಎರಡಿದ್ದು!"

ಆದರೆ ನಾನು ತೋರಿಸಬೇಕು ಅಂದುಕೊಂಡಿದ್ದು ಬೇರೆ. ಸಪ್ತರ್ಷಿ ಮಂಡಲದ ಬಾಲದ ತುದಿಯ ನಕ್ಷತ್ರ ಮರೀಚಿ. ಕೈ ಚಾಚಿ ಎರಡು ಬೆರಳು ಹಿಡಿದರೆ ಎಷ್ಟಾಗುತ್ತೋ, ಮರೀಚಿಯಿಂದ ಅಷ್ಟೇ ದೂರದಲ್ಲಿ ಒಂದು ಸುರುಳಿ ಗ್ಯಾಲಕ್ಸಿ ಇದೆ. ಆಕಾಶದ ಮಸುಕು ಕಲೆಗಳ ಮೆಸ್ಸಿಯೇ ಪಟ್ಟಿಯಲ್ಲಿ ಅದರ ಹೆಸರು ಎಂ 51. ವರ್ಲ್‌ಪೂಲ್ ಅಂತಲೂ ಕರೀತಾರೆ, ಅಂದರೆ ನೀರಿನ ಸುಳಿ. 1773ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ ಇದನ್ನು ಕಂಡಾಗ ಅದು ಬರೀ ಮಸುಕು ಕಲೆ. ಐರ್ಲೆಂಡಿನ ಲಾರ್ಡ್ ರಾಸ್ ಆರು ಅಡಿ ಅಗಲದ ಕನ್ನಡಿ ಮಾಡಿಸಿ, 1845ರಲ್ಲಿ ನೋಡಿ, ಸುರುಳಿಯನ್ನು ಕೈಯಾರೆ ಬರೆದಿಟ್ಟ. ಸುರುಳಿ ಆಕಾರ ಯಾರ ಕಣ್ಣಿಗಾದರೂ ಬಿದ್ದ ಮೊದಲ ಗ್ಯಾಲಕ್ಸಿ ಇದೇ. ಆಗಿನ್ನೂ ಇಷ್ಟು ಮಂದವಾದದ್ದರ ಫೋಟೋ ತೆಗೆಯೋಕೆ ಆಗುತ್ತಿರಲಿಲ್ಲ. ಆ ಚಿತ್ರವನ್ನು ಇವತ್ತಿನ ಫೋಟೋ ಪಕ್ಕ ಇಟ್ಟರೆ ನನಗೆ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ.

ದೂರ ಹೆಚ್ಚುಕಡಿಮೆ ಮೂರು ಕೋಟಿ ಜ್ಯೋತಿರ್ವರ್ಷ. ಗ್ಯಾಲಕ್ಸಿ ತಟ್ಟೆಯ ಹಾಗೆ ಚಪ್ಪಟೆ, ಅದರ ಮುಖ ನಮ್ಮ ಕಡೆಗೇ ತಿರುಗಿದೆ, ಅದಕ್ಕೇ ಸುರುಳಿಯ ತೋಳುಗಳು ಇಷ್ಟು ಚೆನ್ನಾಗಿ ಕಾಣುತ್ತವೆ. ಒಂದು ತೋಳಿನ ತುದಿಯಲ್ಲಿ ಸಣ್ಣ ಜೊತೆಗಾರ ಗ್ಯಾಲಕ್ಸಿ ಇದೆ, ಇನ್ನೊಂದು ಪಟ್ಟಿಯಲ್ಲಿ ಅದರ ಹೆಸರು ಎನ್‌ಜಿಸಿ 5195. ತೋಳಿಗೇ ಅಂಟಿದ ಹಾಗೆ ಕಂಡರೂ ಅದು ಈಗ ಸ್ವಲ್ಪ ಹಿಂದೆ ಇದೆ. ಹತ್ತಿರದಿಂದ ಹಾದು ಹೋಗುವಾಗ ಅದರ ಎಳೆತಕ್ಕೆ ದೊಡ್ಡದರ ತಟ್ಟೆ ಕಲಕಿದೆ. ತೋಳುಗಳು ಅಷ್ಟು ದಟ್ಟವಾಗಿ ಎದ್ದಿರೋಕೆ ಅದೂ ಒಂದು ಕಾರಣ.

ಸುಳಿ ಅಂದ ಕೂಡಲೇ ಅಪ್ಪಯ್ಯ ಮಳೆಗಾಲದ ಶಾಲ್ಮಲೆ ನೆನಪಿಸಿಕೊಂಡರು. ಎಲ್ಲವೂ ನಡುವಿಗೆ ಎಳೆದುಕೊಂಡು ಹೋಗುತ್ತಾ ಅಂತ ಕೇಳಿದರು. ಇಲ್ಲ. ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ಅಂಗಡಿ ಎದುರು ದಾರಿ ಕಿರಿದಾಗಿ ಜನ ಒತ್ತಿಕೊಳ್ಳುತ್ತಾರಲ್ವಾ? ಹತ್ತು ನಿಮಿಷ ಬಿಟ್ಟು ನೋಡಿದರೆ ಜನ ಬೇರೆ, ಗದ್ದಲ ಅಲ್ಲೇ. ಸುರುಳಿಯ ತೋಳೂ ಹೀಗೇ. ನಕ್ಷತ್ರಗಳೂ ಅನಿಲವೂ ಸುತ್ತುತ್ತಾ ಒಳಗೆ ಬರುತ್ತವೆ, ದಾಟಿ ಆಚೆ ಹೋಗುತ್ತವೆ. ಒಳಗಿದ್ದಷ್ಟು ಹೊತ್ತು ಅನಿಲ ಒತ್ತಿ, ಹೊಸ ನಕ್ಷತ್ರಗಳು ಹುಟ್ಟುತ್ತವೆ. ದೊಡ್ಡವು ನೀಲಿಯಾಗಿ ಉರಿದು ಬೇಗ ಮುಗಿಯುತ್ತವೆ, ತೋಳು ಬಿಟ್ಟು ದೂರ ಹೋಗೋಕೂ ಪುರುಸೊತ್ತಿಲ್ಲ. ಫೋಟೋಗಳಲ್ಲಿ ತೋಳು ನೀಲಿಯಾಗಿ ಕಾಣೋದು ಅದಕ್ಕೇ. ನಡುನಡುವೆ ಗುಲಾಬಿ ಚುಕ್ಕೆಗಳು, ಅವು ಹೊಸ ನಕ್ಷತ್ರಗಳ ಬೆಳಕಿಗೆ ಹೊಳೆಯುವ ಹೈಡ್ರೋಜನ್. 1994, 2005, 2011ರಲ್ಲಿ ಇಲ್ಲಿ ನಕ್ಷತ್ರಗಳು ಸಿಡಿದದ್ದು ನಮಗೆ ಕಂಡಿತು. ಹದಿನೇಳು ವರ್ಷದಲ್ಲಿ ಮೂರು, ಅದು ಜಾಸ್ತಿಯೇ.

ಈ ಬಣ್ಣ ಯಾವುದೂ ಕಣ್ಣಿಗೆ ಕಾಣಲ್ಲ. ಅಪ್ಪಯ್ಯ ಬಗ್ಗಿ ನೋಡಿ, "ಎಂತೂ ಕಾಣ್ತಿಲ್ಲೆ" ಅಂದರು. ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ ಅಂದೆ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಡುವೆ ಇಲ್ಲ, ಸುತ್ತ ಇವೆ. ಅವರ ಉಸಿರಿಗೆ ಗಾಜು ಮಸುಕಾಯಿತು, ಪಂಚೆಯ ತುದಿಯಲ್ಲಿ ಒರೆಸೋಕೆ ಹೋದರು, ತಡೆದೆ. ಅದು ತಾನೇ ಆರಲಿ ಅಂತ ಇಬ್ಬರೂ ಸುಮ್ನೆ ನಿಂತೆವು. ಮತ್ತೆ ಬಗ್ಗಿದರು. ತುಂಬ ಹೊತ್ತು ಮಾತಿಲ್ಲ.

"ಹೊಗೆ ಹಾಂಗೆ ಇದ್ದು. ದೊಡ್ಡದು ಒಂದು, ಸಣ್ಣದು ಒಂದು."

ಎರಡಿದೆ ಅಂತ ನಾನು ಅವರಿಗೆ ಹೇಳಿರಲೇ ಇಲ್ಲ. ಜೊತೆಗಾರನ ಮಾತು, ಬಳೆ ಅಂಗಡಿಯ ಮಾತು ಎಲ್ಲ ಬಂದಿದ್ದು ಅದಾದ ಮೇಲೆ, ಜಗಲಿಯಲ್ಲಿ ಕೂತು.

ಈಗ ಒಂದು ಗಂಟೆ ದಾಟಿದೆ. ಆಯಿ ಬೆಳಗ್ಗೆ ಬೇಗ ಏಳಬೇಕು ಅಂತ ಎರಡು ಸಲ ಕೂಗಿ ಮಲಗಿದ್ದಾರೆ. ಮರೀಚಿ ಬೆಟ್ಟ ಬಿಟ್ಟು ಎಷ್ಟೋ ಮೇಲೆ ಬಂದಿದೆ. ಟೆಲಿಸ್ಕೋಪು ಒಳಗಿಡೋಣ ಅಂತ ಹೊರಗೆ ಹೋದರೆ ಅಪ್ಪಯ್ಯ ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತಿದ್ದರು, ಟಾರ್ಚೂ ಇಲ್ಲದೆ.